ಎಪ್ಪತ್ತೇಳು ಓಗೊಡುತ್ತದೆ

ಚೆರ್ರಿ ಹಣ್ಣಿನ ಹಡಗುಗಳು ತುಂಬುವ ಮೊದಲು,
ಅಂದರೆ ನವೆಂಬರಿನೊಳಗೆ,
ಬಂದರಿನ ಪ್ರತಿ ಯಂತ್ರಕ್ಕೂ ಹೊಸ ವಿಳಾಸ ಸಿಗಬೇಕು.
ನೊರ್ಮಾ ಉರೆತಾ ಹೇಳಿದ್ದು ಇಷ್ಟೇ.
ಹೇಳಿ, ಕಿಟಕಿ ತೆರೆದು, ಸಿಗರೇಟು ಹಚ್ಚಿದಳು.

ವಾಲ್ಪರೈಸೊದವರಿಗೆ ವಿಳಾಸದ ಪಾಠ ಹೇಳಬೇಕೆ?
ಈ ಗುಡ್ಡಗಳಲ್ಲಿ ಹನ್ನೆರಡರ ಪಕ್ಕ ನಲವತ್ತು,
ನಲವತ್ತರ ಮಾಳಿಗೆಯ ಮೇಲೆ ಇನ್ನೊಂದು ಬೀದಿ.
ಅಂಚೆಯವನು ಸಂಖ್ಯೆ ನೋಡುವುದಿಲ್ಲ,
ಹಳದಿ ತಗಡು, ಕುಂಟು ನಾಯಿ, ಎಂದುಕೊಂಡು ಹತ್ತುತ್ತಾನೆ.
ನಮ್ಮ ಜಾಲವೂ ಹಾಗೇ ಬೆಳೆದದ್ದು:
ಒಂದೇ ಹೊರಬಾಗಿಲು, ಒಳಗೆ ಮುನ್ನೂರು ಬಾಡಿಗೆದಾರರು.
ಎಲ್ಲರ ಕಾಗದವೂ ಒಂದೇ ಹೆಸರಿಗೆ ಬಂದು
ಬಾಗಿಲಲ್ಲಿ ಕೂತ ರೂಟರು
ಯಾರದು ಯಾರಿಗೆಂದು ನೆನಪಿನಿಂದ ಹಂಚುತ್ತಿತ್ತು.
ಪಾಪ, ಅದಕ್ಕೂ ವಯಸ್ಸಾಗಿದೆ.

ಮೊದಲು ಎಣಿಕೆ.
ಎಣಿಸದೆ ಮನೆ ಬದಲಿಸಿದವರ ಒರಳು ಹಿಂದೆಯೇ ಉಳಿಯುತ್ತದೆ.
ಕ್ರೇನು ಒಂಬತ್ತು. ಲಾರಿ ತೂಗುವ ತಕ್ಕಡಿ ನಾಲ್ಕು.
ಕ್ಯಾಮೆರಾ ನೂರಾ ಹದಿನಾರು, ಅದರಲ್ಲೊಂದು
ಆರು ವರ್ಷದಿಂದ ಪೆಲಿಕನ್ನು ಕೂರುವ ಗೂಟವನ್ನೇ ಕಾಯುತ್ತಿದೆ.
ಸುಂಕದ ಕೋಣೆಯ ಪ್ರಿಂಟರಿಗೆ ಹೊಸದು ಅರ್ಥವಾಗುವುದಿಲ್ಲ;
ಮಾರಿದ ಕಂಪನಿಯನ್ನು ಕೇಳೋಣವೆಂದರೆ
ಕಂಪನಿಯೇ ಇಲ್ಲ.

ಸಂಜೆ ಕ್ಯಾಂಟೀನಿನಲ್ಲಿ ತರಗತಿ.
ಬೆಣ್ಣೆಹಣ್ಣು ಸವರಿದ ಬ್ರೆಡ್ಡು, ಕಪ್ಪು ಚಹಾ,
ಹಲಗೆಯ ಮೇಲೆ ಹೊಸ ವಿಳಾಸ: ಎಂಟು ತುಂಡಿನ ಹಗ್ಗ.
ಅಂಕಿಗಳ ನಡುವೆ ಎ ಇಂದ ಎಫ್‌ವರೆಗಿನ ಅಕ್ಷರಗಳು.
ಉಳಿದವನ್ನು ಯಾರೂ ಕರೆದಿರಲಿಲ್ಲ.
"ಸಾಲುಸಾಲು ಸೊನ್ನೆ ಬಂದರೆ ಬರೆಯಬೇಡಿ,
ನಾಲ್ಕು ಚುಕ್ಕಿ ಇಡಿ, ಅವು ನುಂಗಿಕೊಳ್ಳುತ್ತವೆ.
ಆದರೆ ಒಂದು ವಿಳಾಸಕ್ಕೆ ಒಂದೇ ಸಲ."
"ಎರಡು ಸಲ ನುಂಗಿದರೆ?" ಎಂದ ಕ್ರೇನಿನ ಎವರಿಸ್ತೊ.
"ಎಲ್ಲಿ ಎಷ್ಟು ಸೊನ್ನೆ ಇತ್ತೆಂದು ಗೊತ್ತಾಗುವುದಿಲ್ಲ."
"ಹಾಂ," ಅಂದ, "ನಮ್ಮಪ್ಪನ ಸಾಲದ ಪುಸ್ತಕ."

ಎಷ್ಟು ಸಿಕ್ಕಿದೆ ನಮಗೆ?
ಈ ಕೊಲ್ಲಿಯ ಪ್ರತಿ ಅಲೆಗೂ ಒಂದೊಂದು ಕೊಟ್ಟು,
ಮರಳುವ ಅಲೆಗೆ ಬೇರೆಯದೇ ಕೊಟ್ಟರೂ
ಚೀಲ ಹಗುರಾಗದು.
ಲೆಕ್ಕಪತ್ರದ ಹಿಮೇನಾಗೆ ಇದು ಹಿಡಿಸಲಿಲ್ಲ.
"ಇಷ್ಟು ವರ್ಷ ಉಳಿಸಿ ಉಳಿಸಿ ಅಂದಿರಿ,
ಈಗ ಚೆಲ್ಲಿ ಅಂತೀರಿ."

ಸೆಪ್ಟೆಂಬರಿನಲ್ಲಿ ಒಂದು ವಿಳಾಸ ಮಿಕ್ಕಿತು.
ಹಳೆಯದು. ಕೊನೆಯ ಅಂಕಿ ಎಪ್ಪತ್ತೇಳು.
ಪಟ್ಟಿಯಲ್ಲಿಲ್ಲ, ಕೂಗಿದರೆ ಓಗೊಡುತ್ತದೆ.
ನಡುರಾತ್ರಿ ಕೂಗಿದೆ, ಓ ಎಂದಿತು.
ಕೂಲಿಗಳ ಮುಷ್ಕರದ ದಿನ ಕೂಗಿದೆ,
ಬಂದರಿನಲ್ಲಿ ಅಂದು ಕೆಲಸದಲ್ಲಿದ್ದದ್ದು
ಅದೊಂದೇ.

ತಂತಿಯ ಬೆನ್ನು ಹಿಡಿದು ನಡೆದೆ.
ಸ್ವಿಚ್ಚಿನಿಂದ ಸ್ವಿಚ್ಚಿಗೆ, ಮೀನಿನ ಗೋದಾಮು ದಾಟಿ,
ಕಡಲಸಿಂಹಗಳ ನಾತ ದಾಟಿ,
ಅಲೆತಡೆಯ ಗೋಡೆ ಮುಗಿಯುವಲ್ಲಿ
ಒಂದು ಗೂಡು, ಬೀಗವೆಲ್ಲ ತುಕ್ಕು.
ಒಳಗೆ ಕಡಲೆಬೇಳೆಯಷ್ಟು ಹಸಿರು ದೀಪ.
ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ:
ಉಬ್ಬರ ಅಳೆಯುತ್ತಿದೆ. ದಯವಿಟ್ಟು ಆರಿಸಬೇಡಿ.
ಫೌಸ್ತಿನೊ ಬಾರೀಯಾ.

ಯಾರೆಂದು ಕೇಳಿದೆ. ನೊರ್ಮಾ ಬೂದಿ ಕೊಡವಿದಳು.
"ಅವನ ಕುರ್ಚಿಯಲ್ಲೇ ನೀನು ಕೂತಿರುವುದು."

ನವೆಂಬರ್ ಮೂರು, ಬೆಳಗಿನ ಜಾವ ಎರಡಕ್ಕೆ ದಾಟಿದೆವು.
ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ,
ಅದೇ ಹಬ್ಬ.
ತಕ್ಕಡಿ ತೂಗಿತು, ಪೆಲಿಕನ್ನು ಗೂಟದ ಮೇಲಿತ್ತು,
ಎವರಿಸ್ತೊ ಮೇಲಿನಿಂದ ಕೂಗಿದ:
"ಇನ್ನೂ ಶುರು ಮಾಡಿಲ್ಲವಾ?"

ಗೋಡೆಯ ತುದಿಗೆ ಮಾತ್ರ ಹಳೆಯ ಓಣಿ ಬಿಟ್ಟಿದ್ದೇವೆ,
ನಡುವೆ ಒಂದು ದುಭಾಷಿ ಯಂತ್ರ.
ಪಟ್ಟಿಗೆ ಸೇರಿಸಿದೆ. ಷರಾ ಅಂಕಣದಲ್ಲಿ
ಅವನ ಮಾತನ್ನೇ ಬರೆದು, ಅವನ ಹೆಸರು ಬಿಟ್ಟು,
ಸ್ವಲ್ಪ ಯೋಚಿಸಿ, ಅವನ ಹೆಸರನ್ನೂ ಬರೆದು,
ಕೆಳಗೆ ನನ್ನದು ಹಾಕಿದೆ.

ಆಮೇಲೆ, ರೂಢಿಯಂತೆ, ಕೂಗಿದೆ.
ಒಂದು ಮೀಟರು ಹನ್ನೆರಡು ಸೆಂಟಿಮೀಟರು,
ಏರುತ್ತಿದೆ.